ಡಿಸ್ಕ್ ಇದೆ, ಕಾಣುತ್ತಿಲ್ಲ: ವಿಂಡೋಸ್ ಹೊಸದಾಗಿ ಹಾಕುವಾಗಿನ ಡ್ರೈವರ್ ತೊಡಕು

ಪೆನ್‌ಡ್ರೈವ್ ಸಿಕ್ಕಿಸಿ, ಲ್ಯಾಪ್‌ಟಾಪ್ ಆನ್ ಮಾಡಿ, ಭಾಷೆ ಆರಿಸಿ, 'ಇನ್‌ಸ್ಟಾಲ್' ಒತ್ತಿದ ಮೇಲೆ ವಿಂಡೋಸ್ ಸೆಟಪ್ ಕೇಳುವ ಮುಖ್ಯ ಪ್ರಶ್ನೆ ಒಂದೇ: ಎಲ್ಲಿ ಹಾಕಲಿ? ಅದರ ಕೆಳಗೆ ಡಿಸ್ಕ್‌ಗಳ ಪಟ್ಟಿ ಇರಬೇಕು. ಎಷ್ಟೋ ಯಂತ್ರಗಳಲ್ಲಿ ಆ ಜಾಗ ಖಾಲಿ. ಯಾವ ಡ್ರೈವೂ ಸಿಗಲಿಲ್ಲ, ಸ್ಟೋರೇಜ್ ಡ್ರೈವರ್ ಬೇಕಿದ್ದರೆ 'ಲೋಡ್ ಡ್ರೈವರ್' ಒತ್ತಿ ಎಂಬ ಸಾಲು ಮಾತ್ರ ಅಲ್ಲಿರುತ್ತದೆ. ನಿನ್ನೆಯವರೆಗೂ ಅದೇ ಎಸ್‌ಎಸ್‌ಡಿಯಲ್ಲಿ ಕೆಲಸ ಮಾಡಿದವರಿಗೆ ಮೊದಲು ಹೊಳೆಯುವುದು ಡಿಸ್ಕ್ ಕೆಟ್ಟಿತೆಂದೇ. ಅದನ್ನು ನಂಬಿ ಹೊಸ ಎಸ್‌ಎಸ್‌ಡಿ ಕೊಂಡು ತಂದರೆ, ಅದೂ ಆ ಪಟ್ಟಿಯಲ್ಲಿ ಕಾಣಿಸುವುದಿಲ್ಲ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಲ್ಲಿಸಿತು. ಹಳೆಯ ಯಂತ್ರಗಳಿಗೆ ವಿಂಡೋಸ್ 11 ಹಾಕುವವರು, ಲಿನಕ್ಸ್‌ಗೆ ಹೊರಳುವವರು, ಕಂಪನಿಗಳು ಕೈಬಿಟ್ಟ ಲ್ಯಾಪ್‌ಟಾಪ್‌ಗಳನ್ನು ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಕೊಂಡು ಹೊಸದಾಗಿ ಓಎಸ್ ಹಾಕಿಕೊಳ್ಳುವ ವಿದ್ಯಾರ್ಥಿಗಳು, ಎಲ್ಲರೂ ಈ ಪರದೆಯನ್ನು ಎದುರಿಸುವ ಸಾಧ್ಯತೆ ಇದೆ. ಕಾರಣ ಗೊತ್ತಿದ್ದರೆ ಇದು ಅರ್ಧ ಗಂಟೆಯ ಕೆಲಸ. ಗೊತ್ತಿಲ್ಲದಿದ್ದರೆ ದುಡ್ಡು, ಸಮಯ, ಕೆಲವೊಮ್ಮೆ ಹಳೆಯ ಫೋಟೋಗಳು ಕೂಡ ಹೋಗುತ್ತವೆ.

ಎಲ್ಲರನ್ನೂ ಗೊಂದಲಕ್ಕೆ ತಳ್ಳುವ ಸಂಗತಿಯೊಂದಿದೆ. ಪೆನ್‌ಡ್ರೈವ್‌ನಿಂದಲೇ ಶುರುವಾದ ಸೆಟಪ್, ನಡುವೆ ನಿಂತು ಪೆನ್‌ಡ್ರೈವ್ ಸಿಗುತ್ತಿಲ್ಲ ಎನ್ನುತ್ತದೆ. ಬಯೋಸ್ ಪರದೆಯಲ್ಲಿ ಹೆಸರು, ಗಾತ್ರ ಸಮೇತ ಕಾಣುವ ಎಸ್‌ಎಸ್‌ಡಿ ಸೆಟಪ್‌ಗೆ ಕಾಣುವುದಿಲ್ಲ. ಯಂತ್ರ ಆನ್ ಆದಾಗ ಪೆನ್‌ಡ್ರೈವ್ ಓದುವುದು ಮದರ್‌ಬೋರ್ಡಿನಲ್ಲಿರುವ ಫರ್ಮ್‌ವೇರ್, ಅಂದರೆ ಬಯೋಸ್ ಅಥವಾ ಯುಇಎಫ್ಐ. ಅದು 'ಬೂಟ್ ವಿಮ್' ಎಂಬ ಫೈಲನ್ನು ರ್‍ಯಾಮ್‌ಗೆ ಎತ್ತಿಹಾಕಿ ಕೈಬಿಡುತ್ತದೆ. ಆ ಫೈಲಿನೊಳಗಿರುವ ಪುಟ್ಟ ವಿಂಡೋಸ್ ಆ ಕ್ಷಣದಿಂದ ಎಲ್ಲವನ್ನೂ ತನ್ನದೇ ಡ್ರೈವರ್‌ಗಳಿಂದ ನೋಡಬೇಕು. ಯುಎಸ್‌ಬಿ ಪೋರ್ಟಿಗೆ ಬೇಕಾದ ಡ್ರೈವರ್ ಅದರ ಬಳಿ ಇಲ್ಲದಿದ್ದರೆ ಪೆನ್‌ಡ್ರೈವ್ ಮಾಯ. ಸ್ಟೋರೇಜ್ ಕಂಟ್ರೋಲರ್‌ನ ಡ್ರೈವರ್ ಇಲ್ಲದಿದ್ದರೆ ಡಿಸ್ಕ್ ಮಾಯ. ಹೀಗಾಗಿ ದೋಷ ಎಲ್ಲಿದೆ ಎಂದು ತಿಳಿಯಲು ಮೊದಲು ನೋಡಬೇಕಾದ್ದು ಸಂದೇಶ ಯಾವ ಹಂತದಲ್ಲಿ ಬಂತು ಎಂಬುದನ್ನು.

'ಇನ್‌ಸ್ಟಾಲ್' ಒತ್ತಿದ ಕೂಡಲೇ, ಡಿಸ್ಕ್ ಪಟ್ಟಿಯ ಪರದೆಗೂ ಮೊದಲೇ, ಕಂಪ್ಯೂಟರಿಗೆ ಬೇಕಾದ ಮೀಡಿಯಾ ಡ್ರೈವರ್ ಸಿಗುತ್ತಿಲ್ಲ, ಅದು ಡಿವಿಡಿ, ಯುಎಸ್‌ಬಿ ಅಥವಾ ಹಾರ್ಡ್ ಡಿಸ್ಕ್ ಡ್ರೈವರ್ ಆಗಿರಬಹುದು ಎಂಬ ಸಂದೇಶ ಬಂದರೆ ಸಂಶಯಪಡಬೇಕಾದ್ದು ಪೆನ್‌ಡ್ರೈವ್ ಮೇಲೆ. ಈ ಸಂದೇಶ ಓದಿದವರು ಡ್ರೈವರ್ ಹುಡುಕುತ್ತಾ ಹೋಗುವುದು ಸಹಜ. ಆದರೆ ಹೊಸ ವಿಂಡೋಸ್ ಹಾಕುವಾಗ ಇದು ಬಂದರೆ ನಿಜವಾಗಿ ಯಾವ ಡ್ರೈವರೂ ಕಾಣೆಯಾಗಿರದೆ ಇರಬಹುದು. ಅರ್ಧಕ್ಕೆ ನಿಂತ ಡೌನ್‌ಲೋಡ್, ತಪ್ಪಾಗಿ ಬರೆದ ಪೆನ್‌ಡ್ರೈವ್, ಸವೆದ ಡಿವಿಡಿ, ಸಡಿಲ ಪೋರ್ಟ್ ಇವೆಲ್ಲಕ್ಕೂ ಸೆಟಪ್ ಬಳಿ ಇರುವುದು ಇದೊಂದೇ ಸಂದೇಶ. ತನಗೆ ಬೇಕಾದ ದೊಡ್ಡ ಇನ್‌ಸ್ಟಾಲ್ ಫೈಲನ್ನು ಓದಲಾಗದಿದ್ದಾಗ ಅದು ಡ್ರೈವರ್ ಇಲ್ಲ ಎಂದುಬಿಡುತ್ತದೆ.

ಆಗ ಮಾಡಬೇಕಾದ ಮೊದಲ ಪ್ರಯೋಗಕ್ಕೆ ಖರ್ಚಿಲ್ಲ. 'ಕ್ಯಾನ್ಸಲ್' ಒತ್ತಿ ಸೆಟಪ್‌ನ ಮೊದಲ ಪರದೆಗೆ ಮರಳಿ, ಪೆನ್‌ಡ್ರೈವನ್ನು ಕಿತ್ತು ಬೇರೆ ಪೋರ್ಟಿಗೆ ಹಾಕಿ, ಮತ್ತೆ 'ಇನ್‌ಸ್ಟಾಲ್' ಒತ್ತುವುದು. ಎಷ್ಟೋ ಸಲ ಇಷ್ಟಕ್ಕೇ ಸೆಟಪ್ ಮುಂದೆ ಹೋಗುತ್ತದೆ. ಡೆಸ್ಕ್‌ಟಾಪ್ ಆದರೆ ಮುಂಭಾಗದ ಪೋರ್ಟ್ ಬಿಟ್ಟು ಹಿಂದೆ ಮದರ್‌ಬೋರ್ಡಿನಲ್ಲೇ ಇರುವ ಪೋರ್ಟ್ ಬಳಸಬೇಕು. ಯುಎಸ್‌ಬಿ ಹಬ್ ಇದ್ದರೆ ತೆಗೆಯಬೇಕು.

ಅದಕ್ಕೂ ಬಗ್ಗದಿದ್ದರೆ ಪೆನ್‌ಡ್ರೈವನ್ನು ಹೊಸದಾಗಿ ತಯಾರಿಸುವುದೇ ಸರಿ. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಕನಿಷ್ಠ 8 ಜಿಬಿ ಪೆನ್‌ಡ್ರೈವ್ ಕೇಳುತ್ತದೆ. ಐಎಸ್‌ಒ ಫೈಲನ್ನು ತಾವೇ ಇಳಿಸಿಕೊಂಡವರಿಗೆ ರೂಫಸ್ ಎಂಬ ಉಚಿತ ಸಾಧನ ಒಳ್ಳೆಯದು. ಐಎಸ್‌ಒ ತೆರೆದು ಫೈಲುಗಳನ್ನು ಕೈಯಿಂದಲೇ ನಕಲಿಸುವವರಿಗೆ ಒಂದು ತೊಡಕು ಎದುರಾಗುತ್ತದೆ: ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್ 4 ಜಿಬಿಗಿಂತ ದೊಡ್ಡ ಒಂಟಿ ಫೈಲನ್ನು ಹಿಡಿಯಲಾರದು, ವಿಂಡೋಸ್‌ನ 'ಇನ್‌ಸ್ಟಾಲ್ ವಿಮ್' ಫೈಲ್ ಈಗ ಸಾಮಾನ್ಯವಾಗಿ ಆ ಮಿತಿ ದಾಟುತ್ತದೆ. ಹಲವು ಐಎಸ್‌ಒಗಳನ್ನು ಒಂದೇ ಪೆನ್‌ಡ್ರೈವ್‌ನಲ್ಲಿ ಇಡಲು ವೆಂಟಾಯ್ ಬಳಸುವವರೂ ಈ ಸಂದೇಶ ಕಂಡರೆ ಒಮ್ಮೆ ರೂಫಸ್‌ನಿಂದ ಬರೆದು ನೋಡಬೇಕು. ಇಳಿಸಿದ ಐಎಸ್‌ಒ ಸರಿಯಿದೆಯೇ ಎಂಬುದು ಶಾ-256 ಮೊತ್ತದಿಂದ ತಿಳಿಯುತ್ತದೆ. ಮೈಕ್ರೋಸಾಫ್ಟ್ ತನ್ನ ಡೌನ್‌ಲೋಡ್ ಪುಟದಲ್ಲಿ ಅದನ್ನು ಕೊಡುತ್ತದೆ, ವಿಂಡೋಸ್‌ನೊಳಗಿನ ಸರ್ಟ್‌ಯುಟಿಲ್ ಆದೇಶದಿಂದ ಅದನ್ನು ಲೆಕ್ಕಹಾಕಿ ಹೋಲಿಸಬಹುದು. ಒಂದು ಅಕ್ಷರ ಬೇರೆಯಿದ್ದರೂ ಆ ಫೈಲನ್ನು ಅಳಿಸಿ ಮತ್ತೆ ಇಳಿಸಬೇಕು.

ಯುಎಸ್‌ಬಿ ಡ್ರೈವರ್ ನಿಜಕ್ಕೂ ಇಲ್ಲದ ಪ್ರಕರಣವೆಂದರೆ ವಿಂಡೋಸ್ 7. ಅದು ಬಿಡುಗಡೆಯಾದದ್ದು 2009ರ ಅಕ್ಟೋಬರಿನಲ್ಲಿ, ಯುಎಸ್‌ಬಿ 3.0ರ ಡ್ರೈವರ್ ಅದರೊಳಗೆ ಇರಲಿಲ್ಲ. ಇಂಟೆಲ್ 2015ರಲ್ಲಿ ಆರನೇ ತಲೆಮಾರಿನ ಪ್ರೊಸೆಸರ್‌ಗಳ ಜೊತೆ ತಂದ 100 ಸರಣಿಯ ಚಿಪ್‌ಸೆಟ್‌ಗಳಲ್ಲಿ ಹಳೆಯ ಯುಎಸ್‌ಬಿ 2.0 ಕಂಟ್ರೋಲರನ್ನೇ ತೆಗೆದುಹಾಕಿತು. ಅಂಥ ಯಂತ್ರದಲ್ಲಿ ವಿಂಡೋಸ್ 7 ಸೆಟಪ್ ಮೊದಲ ಪರದೆಯವರೆಗೆ ಬರುತ್ತದೆ, ಅಲ್ಲಿಂದ ಮುಂದೆ ಪೆನ್‌ಡ್ರೈವ್ ಮಾತ್ರವಲ್ಲ, ಯುಎಸ್‌ಬಿ ಕೀಲಿಮಣೆ ಮತ್ತು ಮೌಸ್ ಕೂಡ ಸ್ತಬ್ಧ. ಹಳೆಯ ಲೇತ್ ಯಂತ್ರ, ಪ್ರಯೋಗಾಲಯದ ಉಪಕರಣ ಅಥವಾ ಲೆಕ್ಕಪತ್ರದ ತಂತ್ರಾಂಶಕ್ಕಾಗಿ ವಿಂಡೋಸ್ 7 ಬಿಡಲಾಗದವರು ಸೆಟಪ್‌ನೊಳಗಿನ ಬೂಟ್ ಮತ್ತು ಇನ್‌ಸ್ಟಾಲ್ ವಿಮ್ ಫೈಲುಗಳಿಗೆ ಡಿಐಎಸ್‌ಎಮ್ ಸಾಧನದಿಂದ ಯುಎಸ್‌ಬಿ 3 ಡ್ರೈವರ್ ಸೇರಿಸಿ ಪೆನ್‌ಡ್ರೈವ್ ತಯಾರಿಸಬೇಕು. ಅದರ ಬೆಂಬಲ 2020ರ ಜನವರಿಯಲ್ಲೇ ಮುಗಿದಿರುವುದರಿಂದ ಅಂಥ ಯಂತ್ರವನ್ನು ಇಂಟರ್ನೆಟ್‌ನಿಂದ ದೂರ ಇಡುವುದೇ ಕ್ಷೇಮ.

ಕಂಟ್ರೋಲರ್ ಹಿಂದೆ ಮರೆಯಾದ ಎಸ್‌ಎಸ್‌ಡಿ

ಈಗ ಖಾಲಿ ಪಟ್ಟಿಯ ವಿಷಯ. ಇಂಟೆಲ್‌ನ 11ನೇ ತಲೆಮಾರು ಮತ್ತು ನಂತರದ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಇದಕ್ಕೆ ಮೊದಲ ಶಂಕಿತ ವಿಎಂಡಿ, ಅಂದರೆ ವಾಲ್ಯೂಮ್ ಮ್ಯಾನೇಜ್‌ಮೆಂಟ್ ಡಿವೈಸ್. ಮೊದಲು ಸರ್ವರ್‌ಗಳ ಜಿಯಾನ್ ಪ್ರೊಸೆಸರ್‌ಗಳಲ್ಲಿದ್ದ ಈ ವ್ಯವಸ್ಥೆಯನ್ನು ಇಂಟೆಲ್ 2020ರಲ್ಲಿ ಟೈಗರ್ ಲೇಕ್ ಜೊತೆ ಲ್ಯಾಪ್‌ಟಾಪ್‌ಗಳಿಗೂ ತಂದಿತು. ಮನೆ ಯಜಮಾನನ ಬದಲು ಬಾಗಿಲಲ್ಲಿ ನಿಂತು ಮಾತಾಡುವ ಕಾವಲುಗಾರನಂತೆ ವಿಎಂಡಿ ಎನ್‌ವಿಎಂಇ ಎಸ್‌ಎಸ್‌ಡಿಯ ಮುಂದೆ ನಿಲ್ಲುತ್ತದೆ. ಓಎಸ್‌ಗೆ ಕಾಣುವುದು ವಿಎಂಡಿ ಕಂಟ್ರೋಲರ್ ಮಾತ್ರ. ವಿಂಡೋಸ್‌ನಲ್ಲಿ ಎನ್‌ವಿಎಂಇ ಡ್ರೈವರ್ 8.1ರ ಕಾಲದಿಂದಲೂ ಇದೆ, ಆದರೆ ನಡುವೆ ನಿಂತ ಕಂಟ್ರೋಲರ್‌ಗೆ ಬೇಕಾದ ಇಂಟೆಲ್ ಡ್ರೈವರ್ ಸೆಟಪ್‌ನ ಬಳಿ ಇಲ್ಲದಿದ್ದರೆ ಅದರಿಂದ ಪ್ರಯೋಜನವಿಲ್ಲ. ಕಂಪನಿ ಕಾರ್ಖಾನೆಯಲ್ಲೇ ಆ ಡ್ರೈವರ್ ಸೇರಿಸಿ ವಿಂಡೋಸ್ ಹಾಕಿ ಕೊಟ್ಟಿರುತ್ತದೆ. ಹಾಗಾಗಿಯೇ ಕೊಂಡ ದಿನದಿಂದ ಸುಗಮವಾಗಿದ್ದ ಯಂತ್ರ ಮೊದಲ ಮರುಸ್ಥಾಪನೆಯಲ್ಲಿ ಮೊಂಡು ಹಿಡಿಯುವುದು.

ಪರಿಹಾರ ಎರಡು ರೀತಿ. ಮೊದಲನೆಯದು ಡ್ರೈವರ್ ಕೊಡುವುದು. ಇನ್ನೊಂದು ಕಂಪ್ಯೂಟರಿನಲ್ಲಿ ಲ್ಯಾಪ್‌ಟಾಪ್ ತಯಾರಕರ ಸಪೋರ್ಟ್ ಪುಟಕ್ಕೆ ಹೋಗಿ, ಮಾದರಿಯ ಹೆಸರು ಅಥವಾ ಸೀರಿಯಲ್ ಸಂಖ್ಯೆ ಕೊಟ್ಟು, ಸ್ಟೋರೇಜ್ ವಿಭಾಗದಲ್ಲಿ 'ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಟೆಕ್ನಾಲಜಿ' ಡ್ರೈವರ್ ಇಳಿಸಿಕೊಳ್ಳಬೇಕು. ಇಂಟೆಲ್‌ನ ಸ್ವಂತ ಪುಟದಲ್ಲೂ ಅದು ಸಿಗುತ್ತದೆ, ಆದರೆ ಪ್ರೊಸೆಸರ್ ತಲೆಮಾರಿಗೆ ತಕ್ಕ ಆವೃತ್ತಿಯನ್ನೇ ಆರಿಸಬೇಕು. ಅತಿ ಹೊಸ ಆವೃತ್ತಿ ಹಳೆಯ ತಲೆಮಾರನ್ನು ಕೈಬಿಟ್ಟಿರಬಹುದು.

ಇಲ್ಲಿ ಬಹಳ ಮಂದಿ ಎಡವುವ ಜಾಗ ಒಂದಿದೆ. ಇಳಿದುಬಂದ ಫೈಲ್ 'ಇಎಕ್ಸ್‌ಇ' ರೂಪದಲ್ಲಿರುತ್ತದೆ. ಅದನ್ನು ಹಾಗೆಯೇ ಪೆನ್‌ಡ್ರೈವ್‌ಗೆ ಹಾಕಿ 'ಲೋಡ್ ಡ್ರೈವರ್' ಒತ್ತಿದರೆ ಸೆಟಪ್‌ಗೆ ಏನೂ ಕಾಣುವುದಿಲ್ಲ, ಅದಕ್ಕೆ ಬೇಕಾದ್ದು ಬಿಚ್ಚಿದ ಫೋಲ್ಡರ್: 'ಐಎನ್‌ಎಫ್', 'ಎಸ್‌ವೈಎಸ್', 'ಸಿಎಟಿ' ಎಂದು ಕೊನೆಯಾಗುವ ಫೈಲುಗಳು ಒಟ್ಟಿಗೆ ಇರುವಂಥದು. ತಯಾರಕರ ಕೆಲವು ಪ್ಯಾಕೇಜುಗಳನ್ನು 7-ಜಿಪ್ ಬಿಚ್ಚುತ್ತದೆ. ಇಂಟೆಲ್‌ನ ಸೆಟಪ್‌ಆರ್‌ಎಸ್‌ಟಿ ಫೈಲಿಗೆ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಎಕ್ಸ್‌ಟ್ರಾಕ್ಟ್‌ಡ್ರೈವರ್ಸ್' ಎಂಬ ಆಯ್ಕೆ ಮತ್ತು ಒಂದು ಫೋಲ್ಡರ್ ಹೆಸರು ಕೊಟ್ಟರೆ ತಾನೇ ಬಿಚ್ಚಿ ಇಡುತ್ತದೆ. ಆ ಫೋಲ್ಡರನ್ನು ವಿಂಡೋಸ್ ಪೆನ್‌ಡ್ರೈವ್‌ಗೇ ನಕಲಿಸಬಹುದು, ಎರಡನೇ ಪೆನ್‌ಡ್ರೈವ್ ಬೇಕಿಲ್ಲ. ನಂತರ 'ಲೋಡ್ ಡ್ರೈವರ್', 'ಬ್ರೌಸ್', ಫೋಲ್ಡರ್ ಆಯ್ಕೆ. ಪಟ್ಟಿಯಲ್ಲಿ ಹೆಸರಿನೊಳಗೆ 'ವಿಎಂಡಿ ಕಂಟ್ರೋಲರ್' ಎಂದಿರುವ ಸಾಲು ಬಂದರೆ ಅದನ್ನೇ ಆರಿಸಬೇಕು. ಏನೂ ಬಾರದಿದ್ದರೆ ಹೊಂದದ ಡ್ರೈವರ್‌ಗಳನ್ನು ಮರೆಮಾಡುವ ಟಿಕ್ ತೆಗೆದು ನೋಡಬಹುದು. ಆಗ ಮಾತ್ರ ಕಾಣಿಸಿಕೊಂಡ ಡ್ರೈವರ್ ಈ ಯಂತ್ರದ್ದಲ್ಲ ಎಂಬ ಅನುಮಾನವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ಸರಿಯಾದದ್ದು ಹಾಕಿದ ಕೆಲ ಸೆಕೆಂಡುಗಳಲ್ಲಿ ಡಿಸ್ಕ್ ಪಟ್ಟಿಗೆ ಬರುತ್ತದೆ.

ಈ ಹಂತದಲ್ಲಿ ಟಚ್‌ಪ್ಯಾಡ್ ಕೆಲಸ ಮಾಡದೆ ಇದ್ದರೆ ಹೆದರಬೇಕಿಲ್ಲ. ಅದಕ್ಕೂ ಪ್ರತ್ಯೇಕ ಡ್ರೈವರ್ ಬೇಕಿರುತ್ತದೆ. ಯುಎಸ್‌ಬಿ ಮೌಸ್ ಅಥವಾ ಟ್ಯಾಬ್ ಮತ್ತು ಬಾಣದ ಕೀಲಿಗಳು ಸಾಕು.

ಎರಡನೆಯ ದಾರಿ ಬಯೋಸ್‌ಗೆ ಹೋಗಿ ವಿಎಂಡಿಯನ್ನೇ ಆಫ್ ಮಾಡುವುದು. ಒಂದೇ ಎಸ್‌ಎಸ್‌ಡಿ ಇರುವ, ಎಲ್ಲವನ್ನೂ ಅಳಿಸಿ ಶುರುಮಾಡುವ ಮನೆಯ ಲ್ಯಾಪ್‌ಟಾಪ್‌ಗೆ ಇದು ಚೊಕ್ಕದಾದ ಪರಿಹಾರ, ಮುಂದಿನ ಸಲವೂ ಈ ತೊಂದರೆ ಬಾರದು. ಏಸರ್‌ನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆ ಮರೆಯಾಗಿರುತ್ತದೆ. ಬಯೋಸ್‌ನ 'ಮೇನ್' ಪುಟದಲ್ಲಿ ಕಂಟ್ರೋಲ್ ಮತ್ತು ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕಾಣಿಸುತ್ತದೆ. ಆದರೆ ಹಳೆಯ ವಿಂಡೋಸ್ ಇನ್ನೂ ಡಿಸ್ಕ್‌ನಲ್ಲಿದ್ದು ಅದರಿಂದ ಫೈಲು ತೆಗೆಯಬೇಕಿದ್ದರೆ ಈ ಗುಂಡಿ ಮುಟ್ಟದಿರುವುದು ವಾಸಿ. ಆಫ್ ಮಾಡಿದ ಮೇಲೆ ಹಳೆಯ ವಿಂಡೋಸ್ ತನ್ನ ಬೂಟ್ ಡಿಸ್ಕ್ ಸಿಗದೆ ನೀಲಿ ಪರದೆ ತೋರಬಹುದು. ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ 48 ಅಂಕಿಗಳ ರಿಕವರಿ ಕೀ ಕೂಡ ಕೇಳಬಹುದು. ಆ ಕೀ ಸಾಮಾನ್ಯವಾಗಿ ಬಳಕೆದಾರರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಬಯೋಸ್‌ಗೆ ಕೈಹಾಕುವ ಮೊದಲೇ ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು.

ಎಎಂಡಿ ಯಂತ್ರಗಳಲ್ಲಿ ವಿಎಂಡಿ ಇಲ್ಲ. ಅಲ್ಲಿ ರೇಡ್, ಅಂದರೆ ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವ ವ್ಯವಸ್ಥೆ, ಆನ್ ಆಗಿದ್ದರೆ ಮಾತ್ರ ಇಂಥದ್ದೇ ತೊಡಕು ಬರುತ್ತದೆ, ಆಗ ಎಎಂಡಿಯ ಮೂರು ಡ್ರೈವರ್‌ಗಳನ್ನು ಬಾಟಮ್, ರೇಡ್, ಕನ್‌ಫಿಗ್ ಎಂಬ ಕ್ರಮದಲ್ಲೇ ಲೋಡ್ ಮಾಡಬೇಕಾಗುತ್ತದೆ. ಇಂಥ ತೊಡಕು ಹೊಸದೇನೂ ಅಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಸಾಟಾ ಡಿಸ್ಕ್ ಕಾಣಿಸಲು ಎಫ್6 ಒತ್ತಿ ಫ್ಲಾಪಿಯಿಂದ ಡ್ರೈವರ್ ಕೊಡಬೇಕಿತ್ತು. ಫ್ಲಾಪಿ ಡ್ರೈವೇ ಇಲ್ಲದ ಲ್ಯಾಪ್‌ಟಾಪ್‌ಗಳ ಒಡೆಯರು ಆಗ ಪಟ್ಟ ಪಾಡು ಹಳೆಯ ಸರ್ವಿಸ್ ಹುಡುಗರಿಗೆ ಚೆನ್ನಾಗಿ ನೆನಪಿದೆ.

ಡಿಸ್ಕ್ ನಿಜಕ್ಕೂ ಕೆಟ್ಟಿದೆಯೇ ಎಂಬುದನ್ನು ತೀರ್ಮಾನಿಸಲು ಎರಡು ಸಾಕ್ಷಿ ಬೇಕು. ಬಯೋಸ್‌ನಲ್ಲಿ ಡಿಸ್ಕಿನ ಹೆಸರೇ ಇಲ್ಲದಿದ್ದರೆ ದೋಷ ಡಿಸ್ಕಿನಲ್ಲೋ ಅದರ ಸಾಕೆಟ್‌ನಲ್ಲೋ ಇದೆ, ಡ್ರೈವರ್ ಹುಡುಕಿ ಫಲವಿಲ್ಲ. ಹೆಸರಿದ್ದರೆ ಉಬುಂಟುವಿನಂಥ ಲಿನಕ್ಸ್ ಅನ್ನು ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ ನೋಡಬಹುದು. ಲಿನಕ್ಸ್ ಕರ್ನಲ್‌ನೊಳಗೇ ವಿಎಂಡಿ ಡ್ರೈವರ್ ಇರುವುದರಿಂದ ವಿಂಡೋಸ್‌ಗೆ ಕಾಣದ ಡಿಸ್ಕ್ ಅಲ್ಲಿ ಕಾಣುವುದುಂಟು, ಬಿಟ್‌ಲಾಕರ್ ಇಲ್ಲದಿದ್ದರೆ ಫೈಲುಗಳನ್ನೂ ನಕಲಿಸಿಕೊಳ್ಳಬಹುದು. ಇದಕ್ಕೆ ತಿರುಗುಮುರುಗಾದ ಪರಿಸ್ಥಿತಿಯೂ ಇದೆ. 10ನೇ ತಲೆಮಾರಿನವರೆಗಿನ ಕೆಲವು ಇಂಟೆಲ್ ಯಂತ್ರಗಳು ಬಯೋಸ್‌ನಲ್ಲಿ ರೇಡ್ ಸ್ಥಿತಿಯಲ್ಲಿದ್ದರೆ ಎನ್‌ವಿಎಂಇ ಡಿಸ್ಕ್ ಲಿನಕ್ಸ್‌ಗೇ ಕಾಣುವುದಿಲ್ಲ. ಆಗ ಅದನ್ನು ಬಯೋಸ್‌ನಲ್ಲೇ ಎಎಚ್‌ಸಿಐ ಎಂಬ ಸಾಮಾನ್ಯ ಸ್ಥಿತಿಗೆ ಬದಲಿಸಬೇಕು, ವಿಂಡೋಸ್ ಜೊತೆಗಿದ್ದರೆ ಮೇಲೆ ಹೇಳಿದ ಎಚ್ಚರಿಕೆ ಇದಕ್ಕೂ ಸಲ್ಲುತ್ತದೆ.

ವೈಫೈ ಇಲ್ಲ, ವೈಫೈ ಡ್ರೈವರ್ ಇಳಿಸಲು ನೆಟ್ ಇಲ್ಲ

ಡಿಸ್ಕ್ ಸಿಕ್ಕಿ, ಫೈಲುಗಳೆಲ್ಲ ನಕಲಾಗಿ, ಯಂತ್ರ ರೀಸ್ಟಾರ್ಟ್ ಆದ ಮೇಲೆ ವಿಂಡೋಸ್ 11 ಇಂಟರ್ನೆಟ್ ಕೇಳುತ್ತದೆ. ಹೊಸ ರಿಯಲ್‌ಟೆಕ್, ಮೀಡಿಯಾಟೆಕ್ ಅಥವಾ ಇಂಟೆಲ್ ವೈಫೈ ಚಿಪ್ ಇದ್ದು ಅದರ ಡ್ರೈವರ್ ವಿಂಡೋಸ್‌ನೊಳಗೆ ಇರದಿದ್ದರೆ ವೈಫೈ ಪಟ್ಟಿಯೇ ಖಾಲಿ, ಮುಂದುವರಿಯುವ ಗುಂಡಿಯೂ ಮಸುಕು. ಇಲ್ಲಿ ಕೈಹಿಡಿಯುವುದು ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನ್. ಅದನ್ನು ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಸೇರಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿದರೆ ವಿಂಡೋಸ್ ಅದನ್ನು ತಂತಿಯ ನೆಟ್‌ವರ್ಕ್ ಎಂದೇ ಭಾವಿಸುತ್ತದೆ. ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲೇ ಇದೆ. ಫೋನ್ ಮನೆಯ ವೈಫೈಗೆ ಸೇರಿಕೊಂಡಿದ್ದರೆ ಆ ವೈಫೈಯನ್ನೇ ಟೆದರಿಂಗ್ ಮೂಲಕ ದಾಟಿಸುತ್ತದೆ, ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ಐಫೋನ್‌ಗೆ ಆಪಲ್‌ನದೇ ಡ್ರೈವರ್ ಬೇಕಾಗುವುದರಿಂದ ಈ ಹಂತದಲ್ಲಿ ಅದನ್ನು ನೆಚ್ಚಿಕೊಳ್ಳಲಾಗದು. ಇಂಟರ್ನೆಟ್ ಹಂತವನ್ನೇ ಹಾರಿಸುವ 'ಬೈಪಾಸ್‌ಎನ್‌ಆರ್‌ಒ' ಎಂಬ ಹಳೆಯ ಉಪಾಯವನ್ನು ಮೈಕ್ರೋಸಾಫ್ಟ್ 2025ರಲ್ಲಿ ಪರೀಕ್ಷಾ ಆವೃತ್ತಿಗಳಿಂದ ತೆಗೆಯತೊಡಗಿದ್ದರಿಂದ ಅದನ್ನೇ ನಂಬಿ ಕೂರುವುದು ಬೇಡ.

ಡೆಸ್ಕ್‌ಟಾಪ್ ಕಂಡ ಮೇಲೂ ಕೆಲಸ ಬಾಕಿ. ಡಿವೈಸ್ ಮ್ಯಾನೇಜರ್ ತೆರೆದರೆ ಹಳದಿ ಗುರುತು ಹೊತ್ತ ಸಾಲುಗಳಿರಬಹುದು. ಅವುಗಳ ಗುಣಲಕ್ಷಣ ಪುಟದಲ್ಲಿ 'ಕೋಡ್ 28' ಎಂದಿದ್ದರೆ ಡ್ರೈವರ್ ಇಲ್ಲ ಎಂದರ್ಥ. ಕೋಡ್ 10 ಅಥವಾ 43 ಇದ್ದರೆ ಡ್ರೈವರ್ ಇದೆ, ಸಾಧನ ಕೆಲಸ ಮಾಡುತ್ತಿಲ್ಲ, ಅದು ಬೇರೆಯೇ ಕಥೆ. ಮೊದಲು ವಿಂಡೋಸ್ ಅಪ್‌ಡೇಟ್ ಪೂರ್ತಿ ಮುಗಿಯಲು ಬಿಟ್ಟು, 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗಿನ 'ಆಪ್ಷನಲ್ ಅಪ್‌ಡೇಟ್ಸ್' ಕೂಡ ನೋಡಬೇಕು. ಉಳಿದದ್ದಕ್ಕೆ ತಯಾರಕರ ಪುಟ. ಅಲ್ಲಿಂದ ಮೊದಲು ಚಿಪ್‌ಸೆಟ್ ಡ್ರೈವರ್ ಹಾಕಿದರೆ 'ಎಸ್‌ಎಂ ಬಸ್ ಕಂಟ್ರೋಲರ್'ನಂಥ ಅಪರಿಚಿತ ಹೆಸರುಗಳು ತಾವಾಗಿಯೇ ಮಾಯವಾಗುತ್ತವೆ. ಇಂಟೆಲ್ ಯಂತ್ರದಲ್ಲಿ 'ಪಿಸಿಐ ಸಿಂಪಲ್ ಕಮ್ಯುನಿಕೇಷನ್ಸ್ ಕಂಟ್ರೋಲರ್' ಎಂದು ಉಳಿದದ್ದು ಸಾಮಾನ್ಯವಾಗಿ ಇಂಟೆಲ್ ಮ್ಯಾನೇಜ್‌ಮೆಂಟ್ ಎಂಜಿನ್‌ನ ಭಾಗ. 'ಬೇಸ್ ಸಿಸ್ಟಮ್ ಡಿವೈಸ್' ಬಹುಪಾಲು ಮೆಮೊರಿ ಕಾರ್ಡ್ ರೀಡರ್.

ಬರೀ 'ಅನ್‌ನೋನ್ ಡಿವೈಸ್' ಎಂದಿದ್ದರೂ ಗುರುತು ಹಿಡಿಯಬಹುದು. ಗುಣಲಕ್ಷಣದ 'ಡೀಟೇಲ್ಸ್' ಪುಟದಲ್ಲಿ 'ಹಾರ್ಡ್‌ವೇರ್ ಐಡಿ' ಆರಿಸಿದರೆ ವೆಂಡರ್ ಮತ್ತು ಡಿವೈಸ್ ಸಂಕೇತಗಳು ಸಿಗುತ್ತವೆ. ವೆಂಡರ್ 8086 ಎಂದರೆ ಇಂಟೆಲ್. ಅದರದೇ 1978ರ ಪ್ರೊಸೆಸರ್‌ನ ಸಂಖ್ಯೆ ಅದು. 10ಇಸಿ ರಿಯಲ್‌ಟೆಕ್, 1022 ಎಎಂಡಿ, 10ಡಿಇ ಎನ್‌ವಿಡಿಯಾ, 14ಇ4 ಬ್ರಾಡ್‌ಕಾಮ್, 14ಸಿ3 ಮೀಡಿಯಾಟೆಕ್. ವಿಎಂಡಿ ಕಂಟ್ರೋಲರ್‌ಗಳಿಗೂ ಇಂಥ ಗುರುತಿದೆ: 11ನೇ ತಲೆಮಾರಿನ ಲ್ಯಾಪ್‌ಟಾಪ್‌ಗಳಲ್ಲಿ 9ಎ0ಬಿ, 12ನೆಯದರಲ್ಲಿ 467ಎಫ್. ಪಿಸಿಐ ಬದಲು ಎಸಿಪಿಐ ಎಂದು ಶುರುವಾದರೆ ಅದು ಮದರ್‌ಬೋರ್ಡಿನದೇ ಚಿಕ್ಕ ಸಾಧನ. ಹಳೆಯ ಡೆಲ್ ಲ್ಯಾಟಿಟ್ಯೂಡ್‌ಗಳಲ್ಲಿ ಎಲ್ಲ ಡ್ರೈವರ್ ಹಾಕಿದ ಮೇಲೂ ಉಳಿಯುವ 'ಎಸ್‌ಎಂಒ8800' ಅಂಥದ್ದು: ಲ್ಯಾಪ್‌ಟಾಪ್ ಕೈಜಾರಿ ಬೀಳುವುದನ್ನು ಗ್ರಹಿಸಿ ಹಾರ್ಡ್ ಡಿಸ್ಕನ್ನು ಕಾಪಾಡುವ ಸೆನ್ಸರ್. ಎಸ್‌ಎಸ್‌ಡಿ ಹಾಕಿಸಿಕೊಂಡವರಿಗೆ ಅದರ ಅಗತ್ಯವೇ ಇಲ್ಲ.

ಕಂಪನಿಗಳಿಂದ ಬಂದ ಬಳಸಿದ ಲ್ಯಾಟಿಟ್ಯೂಡ್, ಥಿಂಕ್‌ಪ್ಯಾಡ್, ಎಲೀಟ್‌ಬುಕ್ ಕೊಂಡವರಿಗೆ ಒಂದು ಅನುಕೂಲವಿದೆ, ಅದನ್ನು ಬಳಸಿಕೊಳ್ಳುವವರು ಕಡಿಮೆ. ನೂರಾರು ಯಂತ್ರಗಳಿಗೆ ಒಟ್ಟಿಗೆ ವಿಂಡೋಸ್ ಹಾಕುವ ಐಟಿ ವಿಭಾಗಗಳಿಗಾಗಿ ಡೆಲ್, ಲೆನೊವೊ, ಎಚ್‌ಪಿ ಮೂರೂ 'ಡ್ರೈವರ್ ಪ್ಯಾಕ್' ಪ್ರಕಟಿಸುತ್ತವೆ. ಒಂದು ಮಾದರಿಗೆ ಬೇಕಾದ ಬಹುತೇಕ ಎಲ್ಲ ಡ್ರೈವರ್‌ಗಳೂ ಐಎನ್‌ಎಫ್ ರೂಪದಲ್ಲೇ ಒಂದೇ ಕಡೆ ಅದರಲ್ಲಿರುತ್ತವೆ. ಡಿವೈಸ್ ಮ್ಯಾನೇಜರ್‌ಗೆ ಆ ಫೋಲ್ಡರ್ ತೋರಿಸಿ, ಒಳಫೋಲ್ಡರ್‌ಗಳನ್ನೂ ಹುಡುಕು ಎಂದರೆ ತನಗೆ ಬೇಕಾದ್ದನ್ನು ತಾನೇ ಆರಿಸಿಕೊಳ್ಳುತ್ತದೆ. ಎಲ್ಲ ಡ್ರೈವರ್‌ಗಳನ್ನೂ ಒಂದೇ ಕ್ಲಿಕ್ಕಿಗೆ ಸರಿಪಡಿಸುತ್ತೇವೆ ಎನ್ನುವ ಜಾಹೀರಾತಿನ ತಂತ್ರಾಂಶಗಳಿಗಿಂತ ಇದು ಸಾವಿರ ಪಾಲು ಮೇಲು. ಓಎಸ್‌ನ ಆಳಕ್ಕಿಳಿದು ಓಡುವ ಡ್ರೈವರನ್ನು ಗುರುತುಪರಿಚಯವಿಲ್ಲದ ಕಡೆಯಿಂದ ತಂದು ಹಾಕುವುದು ಮನೆಯ ಬ್ಯಾಂಕಿಂಗ್ ಯಂತ್ರಕ್ಕೆ ಅಪಾಯ.

ಲಿನಕ್ಸ್ ಹಾಕುವವರ ತೊಂದರೆ ಹೆಚ್ಚಾಗಿ ವೈಫೈ ಫರ್ಮ್‌ವೇರ್‌ನದು. ಡೆಬಿಯನ್ ತನ್ನ ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಮುಕ್ತವಲ್ಲದ ಫರ್ಮ್‌ವೇರ್ ಸೇರಿಸಲು 2022ರಲ್ಲಿ ಮತದಾನದಿಂದ ತೀರ್ಮಾನಿಸಿ, 2023ರ ಡೆಬಿಯನ್ 12ರಿಂದ ಹಾಗೆಯೇ ಕೊಡುತ್ತಿದೆ. ಹಳೆಯ ಬ್ರಾಡ್‌ಕಾಮ್ ಚಿಪ್‌ಗಳು ಈಗಲೂ ಕಾಡಬಹುದು, ಅಲ್ಲಿಯೂ ಫೋನಿನ ಟೆದರಿಂಗ್ ನೆರವಾಗುತ್ತದೆ.

ಹಳೆಯ ವಿಂಡೋಸ್ ಇನ್ನೂ ಓಡುತ್ತಿರುವಾಗಲೇ ಹತ್ತು ನಿಮಿಷ ಕೊಟ್ಟರೆ ಇದರಲ್ಲಿ ಬಹುಪಾಲು ತಪ್ಪುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪಿಎನ್‌ಪಿಯುಟಿಲ್ ಆದೇಶಕ್ಕೆ 'ಎಕ್ಸ್‌ಪೋರ್ಟ್-ಡ್ರೈವರ್' ಆಯ್ಕೆ, ಒಂದು ನಕ್ಷತ್ರ ಚಿಹ್ನೆ, ಪೆನ್‌ಡ್ರೈವ್‌ನ ಮೊದಲೇ ಮಾಡಿಟ್ಟ ಒಂದು ಫೋಲ್ಡರ್ ಇಷ್ಟನ್ನು ಕೊಟ್ಟರೆ, ವಿಂಡೋಸ್‌ನದಲ್ಲದ ಎಲ್ಲ ಡ್ರೈವರ್‌ಗಳೂ ಐಎನ್‌ಎಫ್ ಸಮೇತ ಅಲ್ಲಿಗೆ ನಕಲಾಗುತ್ತವೆ. ವಿಎಂಡಿ ಡ್ರೈವರ್, ವೈಫೈ, ಟಚ್‌ಪ್ಯಾಡ್ ಎಲ್ಲವೂ ಅದರಲ್ಲಿರುತ್ತವೆ, ಸೆಟಪ್‌ನ 'ಲೋಡ್ ಡ್ರೈವರ್'ಗೂ ಅದೇ ಫೋಲ್ಡರ್ ಸಾಕು. ಇದನ್ನು ಮಾಡದೆಯೇ ಹಳೆಯ ಪಾರ್ಟಿಷನ್ ಫಾರ್ಮ್ಯಾಟ್ ಮಾಡದೆ ಅದರ ಮೇಲೆಯೇ ವಿಂಡೋಸ್ ಹಾಕಿಕೊಂಡವರಿಗೂ ದಾರಿಯಿದೆ. ಹಳೆಯದೆಲ್ಲ 'ವಿಂಡೋಸ್ ಓಲ್ಡ್' ಫೋಲ್ಡರ್‌ಗೆ ಸರಿದಿರುತ್ತದೆ. ಅದರೊಳಗೆ ವಿಂಡೋಸ್, ಸಿಸ್ಟಮ್32, ಡ್ರೈವರ್‌ಸ್ಟೋರ್ ಎಂದು ಇಳಿಯುತ್ತಾ 'ಫೈಲ್ ರೆಪಾಸಿಟರಿ' ತಲುಪಿದರೆ ಹಳೆಯ ಡ್ರೈವರ್‌ಗಳೆಲ್ಲ ಅಲ್ಲಿ ಸಿಗುತ್ತವೆ. ವಿಂಡೋಸ್ ಆ ಫೋಲ್ಡರನ್ನು ಕೆಲ ದಿನಗಳಲ್ಲಿ ತಾನಾಗಿ ಅಳಿಸಬಹುದಾದ್ದರಿಂದ ಬೇಕಾದ್ದನ್ನು ಮೊದಲ ದಿನವೇ ಬೇರೆಡೆಗೆ ನಕಲಿಸಿಕೊಳ್ಳಬೇಕು.